ಅಂಬಿಗನಿಗೆ ಒಂದು ಬಟ್ಟಲು

"ಗುರುಗಳೇ, ಎಂಟು ವರ್ಷ ನಿಮ್ಮ ಬಳಿ ಮಾತು ಕಲಿತವನಿಗೆ ಜಾಗಟೆ ಹೊಡೆಯುವ ಕೆಲಸ ಕೊಟ್ಟಿದ್ದೀರಿ. ನನ್ನಲ್ಲಿ ಏನು ಕೊರತೆ ಕಂಡಿತು?"

ಶಿಷ್ಯ ಇದನ್ನು ಕೇಳುವಾಗ ದನಿ ಏರಿಸಲಿಲ್ಲ. ಆದರೆ ಬೆಳಗಿನಿಂದ ಅವನು ಊಟ ಮಾಡಿರಲಿಲ್ಲ. ಮರುದಿನ ಮಠದಲ್ಲಿ ವರ್ಷದ ಮಾತಿನ ಸಭೆ. ಸುತ್ತಲಿನ ಊರುಗಳಿಂದ ಜನ ಬರುವವರಿದ್ದರು. ಸಭೆಯನ್ನು ಯಾರು ನಡೆಸಬೇಕು, ಬಂದವರನ್ನು ಯಾರು ಕೂರಿಸಬೇಕು, ಆಡಿದ್ದನ್ನು ಯಾರು ಬರೆದಿಡಬೇಕು ಎಂದು ಗುರುಗಳು ಬೆಳಿಗ್ಗೆ ಒಬ್ಬೊಬ್ಬರಿಗೂ ಹೇಳಿದ್ದರು. ಅವನಿಗಿಂತ ಕಿರಿಯರಾದ ಇಬ್ಬರಿಗೆ ಮಾತನಾಡುವ ಅವಕಾಶ ಸಿಕ್ಕಿತ್ತು. ಅವನ ಪಾಲಿಗೆ ಬಂದದ್ದು ಹೊತ್ತು ಅಳೆಯುವ ಬಟ್ಟಲು ಮತ್ತು ಜಾಗಟೆ.

ಗುರುಗಳು ಓದುತ್ತಿದ್ದ ಓಲೆಗರಿಗಳನ್ನು ಕಟ್ಟಿ ಬದಿಗಿಟ್ಟರು. ಕೂರುವಂತೆ ಕೈ ತೋರಿಸಿದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಹೊಳೆಯ ದಡದಲ್ಲಿ ಒಂದು ಸಂತೆಯ ಊರಿತ್ತು. ಅಲ್ಲಿಯ ಜನ ದುಡಿಮೆಯಲ್ಲಿ ಗಟ್ಟಿಗರು, ಮಾತಿನಲ್ಲಿ ಹಿಂದೆ. ನಾಡಿನ ಅಧಿಕಾರಿ ವರ್ಷಕ್ಕೊಮ್ಮೆ ಬಂದು ಅಹವಾಲು ಕೇಳುತ್ತಿದ್ದ. ಅವನೆದುರು ನಿಂತರೆ ಅವರ ಬಾಯಿ ಒಣಗುತ್ತಿತ್ತು. ನ್ಯಾಯ ತಮ್ಮ ಕಡೆ ಇದ್ದಾಗಲೂ ಸೋತು ಮನೆಗೆ ಬರುತ್ತಿದ್ದರು. ಇದನ್ನು ನೋಡಿ ನೋಡಿ ಬೇಸತ್ತ ಹತ್ತು ಮಂದಿ ಸೇರಿ ಒಂದು ಮಾತಿನ ಕೂಟ ಕಟ್ಟಿದರು. ಪ್ರತಿ ಸೋಮವಾರ ಮಧ್ಯಾಹ್ನ ಸಂತೆಕಟ್ಟೆಯ ಕಲ್ಲುಮಂಟಪದಲ್ಲಿ ಸೇರುವುದು. ಒಬ್ಬೊಬ್ಬರೇ ಎದ್ದು ನಿಂತು ಮಾತನಾಡುವುದು. ತಪ್ಪಿದರೆ ತಿದ್ದಿಕೊಳ್ಳುವುದು.

ಕೂಟ ಎಂದ ಮೇಲೆ ಕೆಲಸಗಳನ್ನು ಹಂಚಿಕೊಳ್ಳಬೇಕು. ವಯಸ್ಸಾದ ಒಬ್ಬ ಜವಳಿ ವ್ಯಾಪಾರಿಯನ್ನು ಹಿರಿಯನನ್ನಾಗಿ ಮಾಡಿದರು. ಯಾರು ಯಾವಾಗ ಮಾತನಾಡಬೇಕೆಂದು ಹೇಳುವವನು ಅವನು. ಶಾನುಭೋಗ ಬರಹಗಾರನಾದ. ಅಕ್ಕಸಾಲಿಗನನ್ನು ಒರೆಗಾರ ಎಂದು ಕರೆದರು. ಮಾತು ಮುಗಿದ ಮೇಲೆ ಎದ್ದು, ಯಾವುದು ಸರಿ ಬಂತು, ಎಲ್ಲಿ ಎಡವಿತು ಎಂದು ಹೇಳುವುದು ಅವನ ಕೆಲಸ. ಹೊತ್ತು ಅಳೆಯುವ ಕೆಲಸವೊಂದು ಉಳಿಯಿತು. ಅದಕ್ಕೆ ಯಾರೂ ಮುಂದೆ ಬರಲಿಲ್ಲ.

ಆ ಹತ್ತು ಮಂದಿಯಲ್ಲಿ ಒಬ್ಬ ಕಂಚುಗಾರ. ಅವನ ಕೈಯಲ್ಲಿ ಕಂಚು ಹೇಳಿದಂತೆ ಕೇಳುತ್ತಿತ್ತು. ನಾಲಿಗೆ ಮಾತ್ರ ಕೇಳುತ್ತಿರಲಿಲ್ಲ. ಮೊದಲ ಸೋಮವಾರ ಅವನನ್ನು ಎಬ್ಬಿಸಿ ನಿಲ್ಲಿಸಿದಾಗ ಮೂರು ಮಾತು ಆಡಿ, ನಾಲ್ಕನೆಯದು ಬಾರದೆ ಕೂತುಬಿಟ್ಟ. ಯಾರೂ ನಗಲಿಲ್ಲ. ಆದರೂ ಅವನಿಗೆ ಮನೆಯವರೆಗೂ ಕಿವಿ ಬಿಸಿಯಾಗಿತ್ತು. ಮುಂದಿನ ಸೋಮವಾರ ಅವನು ಬರುವಾಗ ಕೈಯಲ್ಲಿ ತಾನೇ ಮಾಡಿದ ಒಂದು ಬಟ್ಟಲಿತ್ತು. ಅದರ ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರಿನ ಕೊಡದ ಮೇಲೆ ಬಿಟ್ಟರೆ ಅದು ಮೆಲ್ಲಗೆ ತುಂಬಿಕೊಂಡು, ಅಂಚು ನೀರಿಗೆ ಸಮವಾಗಿ, ಮುಳುಗುತ್ತಿತ್ತು. ಬಟ್ಟಲು ಮುಳುಗಿದ ಕೂಡಲೇ ಬಾರಿಸಲು ಒಂದು ಜಾಗಟೆಯನ್ನೂ ಎರಕ ಹೊಯ್ದು ತಂದಿದ್ದ.

"ಹೊತ್ತು ಅಳೆಯುವುದು ನನಗಿರಲಿ" ಎಂದ.

ಎಲ್ಲರೂ ಒಪ್ಪಿದರು. ಒಬ್ಬೊಬ್ಬನಿಗೆ ಒಂದು ಬಟ್ಟಲಿನಷ್ಟು ಹೊತ್ತು ಎಂದು ನಿಯಮವಾಯಿತು. ಜಾಗಟೆ ಕೇಳಿದ ಮೇಲೆ ಯಾರೂ ಒಂದಕ್ಷರ ಆಡಕೂಡದು. ಜಾಗಟೆಯವನು ನೀರಿನ ಮೇಲಿಂದ ಕಣ್ಣು ತೆಗೆಯುವಂತಿಲ್ಲವಾದ್ದರಿಂದ ಅವನು ಎದ್ದು ಮಾತನಾಡಬೇಕಾಗಿಲ್ಲ ಎಂದೂ ಆಯಿತು. ಕಂಚುಗಾರನಿಗೆ ಬೇಕಾಗಿದ್ದದ್ದು ಈ ಕೊನೆಯ ಮಾತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಹೀಗೆ ಹನ್ನೆರಡು ವರ್ಷ ನಡೆಯಿತು. ಅವನು ಒಂದು ಸೋಮವಾರವನ್ನೂ ತಪ್ಪಿಸಲಿಲ್ಲ. ಮಳೆಗಾಲದಲ್ಲಿ ಜಾಗಟೆಯನ್ನು ಗೋಣಿತಾಟಿನಲ್ಲಿ ಸುತ್ತಿ ಒಯ್ಯುತ್ತಿದ್ದ. ಬಟ್ಟಲಿನ ತೂತಿನಲ್ಲಿ ಕಸ ಕೂತರೆ ಲೆಕ್ಕ ತಪ್ಪುತ್ತದೆಂದು ವಾರವಾರವೂ ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದ. ಒಮ್ಮೆ ಹೆಂಡತಿ ಕೇಳಿದಳು.

"ಮಾತು ಕಲಿಯುತ್ತೇನೆ ಅಂತ ಹೋದಿರಿ. ಕಲಿತಿರಾ?"

"ಊರಿನವರ ಮಾತೆಲ್ಲ ಕೇಳಿದ್ದೇನೆ" ಎಂದ.

"ನಾನು ಕೇಳಿದ್ದು ಅದಲ್ಲ" ಎಂದು ಅವಳು ಒಲೆಯ ಕಡೆ ತಿರುಗಿದಳು.

ಕೂಟ ಬೆಳೆಯಿತು. ಹತ್ತು ಮಂದಿ ಇದ್ದದ್ದು ಅರವತ್ತಾಯಿತು. ನಾಡಿನ ಅಧಿಕಾರಿಯ ಎದುರು ಈಗ ಜನ ನಡುಗುತ್ತಿರಲಿಲ್ಲ. ಅವನಿಗೇ ಅವರ ಮೇಲೆ ಗೌರವ ಬಂತು. ಆ ಊರಿನ ಸಣ್ಣಪುಟ್ಟ ವ್ಯಾಜ್ಯಗಳನ್ನು ಅವನು ಕೂಟಕ್ಕೇ ಬಿಟ್ಟುಕೊಟ್ಟ. ಎರಡು ಕಡೆಯವರೂ ಮಂಟಪದಲ್ಲಿ ನಿಂತು ಒಂದೊಂದು ಬಟ್ಟಲು ಮಾತನಾಡಲಿ, ಕೂಟದವರು ಕೈ ಎತ್ತಿ ತೀರ್ಮಾನಿಸಲಿ, ಅದೇ ತನ್ನ ತೀರ್ಪು ಎಂದ. ಮಾತು ಕಲಿಯಲು ಕಟ್ಟಿದ ಜಾಗ ಹೀಗೆ ನ್ಯಾಯ ಹೇಳುವ ಜಾಗವಾಯಿತು. ಕೂಟದವರಿಗೆ ಹೆಮ್ಮೆ ಎನಿಸಿತು. ಇದು ಬೇರೆಯೇ ಕೆಲಸ, ಇದಕ್ಕೆ ಹಳೆಯ ನಿಯಮ ಸಾಲದು ಎಂದು ಯಾರಿಗೂ ಹೊಳೆಯಲಿಲ್ಲ.

ಆ ಹೊತ್ತಿಗೆ ಬೀಸುಕಲ್ಲಿನ ವ್ಯಾಪಾರಿಯೊಬ್ಬ ಹೊರಗಿನಿಂದ ಬಂದು ಊರಿನಲ್ಲಿ ನೆಲೆಸಿದ್ದ. ಕಲ್ಲುಗಣಿಯ ಕಡೆಯಿಂದ ಬೀಸುಕಲ್ಲು ತರಿಸಿ, ಹೊಳೆಯಾಚೆಯ ಸಂತೆಗಳಿಗೆ ದೋಣಿಯಲ್ಲಿ ಕಳಿಸುತ್ತಿದ್ದ. ಕೂಟಕ್ಕೆ ಸೇರಿದ ವರ್ಷದೊಳಗೆ ಅವನಂತೆ ಮಾತನಾಡುವವರು ಇನ್ನೊಬ್ಬರಿಲ್ಲ ಎನ್ನುವಂತಾಯಿತು. ಅವನು ಎದ್ದು ನಿಂತರೆ ಎಲೆ ಅಗಿಯುತ್ತಿದ್ದವರೂ ಬಾಯಾಡಿಸುವುದನ್ನು ನಿಲ್ಲಿಸುತ್ತಿದ್ದರು.

ಕಂಚುಗಾರನಿಗೂ ಅವನ ಮಾತೆಂದರೆ ಆಸೆ. ತನ್ನ ಎದೆಯೊಳಗೇ ಉಳಿದುಹೋದ ಮಾತನ್ನೆಲ್ಲ ಅವನು ಆಡುತ್ತಿದ್ದಾನೆ ಅನ್ನಿಸುತ್ತಿತ್ತು. ಒಂದು ಸಲ ಕೇಳುತ್ತ ಕೂತವನು ಬಟ್ಟಲು ಮುಳುಗಿದ್ದನ್ನು ನೋಡಲೇ ಇಲ್ಲ. ನೋಡಿದಾಗ ತಡವಾಗಿತ್ತು. ಗಾಬರಿಯಿಂದ ಸುತ್ತ ಕಣ್ಣಾಡಿಸಿದ. ಯಾರೂ ಅವನ ಕಡೆ ತಿರುಗಿರಲಿಲ್ಲ. ಎರಡು ಬೆರಳಿನಿಂದ ಬಟ್ಟಲನ್ನು ಸದ್ದಿಲ್ಲದೆ ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಟ್ಟ.

ಸಭೆ ಮುಗಿದ ಮೇಲೆ ವ್ಯಾಪಾರಿ ಅವನ ಬಳಿ ಬಂದು ಮೆಲ್ಲಗೆ ಹೇಳಿದ. "ಯಜಮಾನರೇ, ಸ್ವಲ್ಪ ಸಡಿಲ ಬಿಟ್ಟಿರಿ. ಮಾತಿನ ಬೆಲೆ ಗೊತ್ತಿರುವವರು ನೀವು."

ಹನ್ನೆರಡು ವರ್ಷದಲ್ಲಿ ಅವನ ಕೆಲಸವನ್ನು ಗಮನಿಸಿ ಒಂದು ಒಳ್ಳೆಯ ಮಾತು ಹೇಳಿದವನು ಇವನೊಬ್ಬನೇ. ಅಂದಿನಿಂದ ಅದು ರೂಢಿಯಾಯಿತು. ಉಳಿದವರಿಗೆ ಒಂದು ಬಟ್ಟಲು, ವ್ಯಾಪಾರಿಗೆ ಎರಡು. ಹಿರಿಯನಿಗೂ ಇದು ಗೊತ್ತಿತ್ತು. ಅವನೂ ಆ ಮಾತು ಮುಗಿಯಬಾರದು ಎಂದೇ ಕೂತಿರುತ್ತಿದ್ದ. ಆಡುವುದು ಚೆನ್ನಾಗಿರುವಾಗ ತಡೆಯುವುದೇ ತಪ್ಪಲ್ಲವೇ ಎಂದು ಕಂಚುಗಾರ ತನ್ನಷ್ಟಕ್ಕೆ ಹೇಳಿಕೊಂಡ.

ಒಂದು ವರ್ಷ, ಹೊಳೆಗೆ ಹೊಸ ನೀರು ಬಂದ ವಾರ, ಹೊಳೆಯಾಚೆಯ ಸಂತೆಯ ದಿನ ದೋಣಿ ಮುಳುಗಿತು.

ದೋಣಿಯಲ್ಲಿ ಎಂಟು ಜನ ಮತ್ತು ಅಂಬಿಗ. ಎಂಟರಲ್ಲಿ ಒಬ್ಬಳು ಅಂಬಿಗನ ಮಗಳು ಹೊಳೆವ್ವ. ತಾಯಿ ಸತ್ತ ಮೇಲೆ ಅವಳೇ ಅಪ್ಪನ ಜೊತೆ ಗಳ ಹಾಕಿ ದೋಣಿ ನಡೆಸುತ್ತಿದ್ದಳು. ಎಂಟು ಜನರೂ ಹೋದರು. ಅಂಬಿಗನೊಬ್ಬ ಅರ್ಧ ಹರಿದಾರಿ ಕೆಳಗೆ ದಡ ಸೇರಿದ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ನಾಲ್ಕು ದಿನ ಅವನ ಬಾಯಿಂದ ಒಂದು ಮಾತು ಬರಲಿಲ್ಲ. ಆ ನಾಲ್ಕು ದಿನದಲ್ಲಿ ಊರು ಒಂದೊಂದೇ ಹೆಣವನ್ನು ಹುಡುಕಿ ತಂದಿತು. ಐದನೆಯ ದಿನ ಜನರ ಬಾಯಲ್ಲಿ ಒಂದೇ ಪ್ರಶ್ನೆ. ಎಂಟು ಜನ ಹೋದರು, ಇವನೊಬ್ಬ ಹೇಗೆ ಉಳಿದ?

ದೋಣಿಯಲ್ಲಿದ್ದ ಸರಕು ಬೀಸುಕಲ್ಲಿನ ವ್ಯಾಪಾರಿಯದು. ಅವನು ದೋಣಿ ಹತ್ತಿರಲಿಲ್ಲ. ದೋಣಿ ನಿಲ್ಲುವ ಮೇಲಿನ ಕಡವಿನಲ್ಲಿ ಕಲ್ಲು ತುಂಬಿಸಿ ದಡದಲ್ಲೇ ಉಳಿದಿದ್ದ. ಆಗ ಅಲ್ಲಿ ಇದ್ದವರು ಅವನು, ಅಂಬಿಗ, ಹೊಳೆವ್ವ ಮೂವರೇ. ಜನ ಹತ್ತಿದ್ದು ಆಮೇಲೆ, ಊರಿನ ಕಡವಿನಲ್ಲಿ. ಅಷ್ಟು ಹೊತ್ತಿಗೆ ಕಲ್ಲಿನ ಮೇಲೆ ಚಾಪೆ ಮುಚ್ಚಿತ್ತು. ಎಷ್ಟು ಕಲ್ಲು ಕಳಿಸಿದಿರಿ ಎಂದು ಕೇಳಿದವರಿಗೆ ವ್ಯಾಪಾರಿ, ನಾಲ್ಕೇ ಜೊತೆ, ಯಾವಾಗಲೂ ಕಳಿಸುವಷ್ಟು ಎಂದ.

ಎಂಟು ಸಾವು ಸಣ್ಣ ವ್ಯಾಜ್ಯವಲ್ಲ. ಆದರೂ ನಾಡಿನ ಅಧಿಕಾರಿ ಎಂದಿನಂತೆ ಹೇಳಿ ಕಳಿಸಿದ. ಇಬ್ಬರನ್ನೂ ಕೂಟದಲ್ಲಿ ಮಾತನಾಡಿಸಿ. ನೀವು ಹೇಳಿದಂತೆ ಆಗಲಿ.

ಆ ಸೋಮವಾರ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸತ್ತವರ ಮನೆಯವರನ್ನು ಮುಂದೆ ಕೂರಿಸಿದ್ದರು. ಮೊದಲು ವ್ಯಾಪಾರಿ ನಿಂತ. ಅವನು ಅಂಬಿಗನ ಹೆಸರು ಎತ್ತಲಿಲ್ಲ. ಸತ್ತ ಎಂಟು ಜನರ ಹೆಸರನ್ನು ಒಂದೊಂದಾಗಿ ಹೇಳಿದ. ಪ್ರತಿ ಹೆಸರಿಗೂ ನಿಂತ. ಯಾರು ಸಂತೆಯಿಂದ ಏನು ತರಲು ಹೊರಟಿದ್ದರು ಎಂಬುದನ್ನು ಮನೆಮನೆಗೆ ಹೋಗಿ ಕೇಳಿಕೊಂಡು ಬಂದಿದ್ದ. ಒಬ್ಬಳು ಸೊಸೆಗೆ ಸೀರೆ ತರಲು ಹೊರಟಿದ್ದಳು. ಒಬ್ಬ ಎತ್ತಿಗೆ ಕೊರಳಗಂಟೆ ತರಲು. ಹೊಳೆವ್ವನ ಹೆಸರನ್ನು ಕೊನೆಗೆ ಹೇಳಿದ. ಮುಂದೆ ಕೂತವರು ಅಳತೊಡಗಿದರು. ಕಂಚುಗಾರನ ಕಣ್ಣೂ ತುಂಬಿತು. ಎತ್ತಿಗೆ ಗಂಟೆ ಕೊಳ್ಳಲು ಹೊರಟವನು ಅವನ ನೆರೆಮನೆಯವನು. ಬಟ್ಟಲು ಮುಳುಗಿತು. ಅವನು ಅದನ್ನು ಎತ್ತಿ, ಚೆಲ್ಲಿ, ತೇಲಿಬಿಟ್ಟ.

ಆಮೇಲೆ ವ್ಯಾಪಾರಿ ಹೇಳಿದ. "ನಾನು ಯಾರ ಮೇಲೂ ದೂರು ಹೇಳಲು ನಿಂತಿಲ್ಲ. ನನ್ನದೊಂದೇ ಪ್ರಶ್ನೆ. ಮಗಳು ಮುಳುಗುವಾಗ ತಂದೆಯಾದವನು ದಡದ ಕಡೆ ಹೇಗೆ ಈಜಿದ?"

ಬಟ್ಟಲು ಎರಡನೆಯ ಸಲ ಮುಳುಗಿತು. ಕಂಚುಗಾರ ಮತ್ತೆ ಎತ್ತಿ ಬಿಟ್ಟ. ಅಂದು ಬೆಳಿಗ್ಗೆ ಅಂಬಿಗನ ಬಾಯಲ್ಲಿ ಹೆಂಡದ ವಾಸನೆ ಬರುತ್ತಿತ್ತು ಎಂದು ಹೇಳುವುದಕ್ಕೆ ವ್ಯಾಪಾರಿಗೆ ಆ ಮೂರನೆಯ ಬಟ್ಟಲು ಒದಗಿತು. ಹೇಳಲು ಮನಸ್ಸಿಲ್ಲದವನಂತೆ ತಲೆ ತಗ್ಗಿಸಿ ಹೇಳಿದ. ಜಾಗಟೆ ಬಾರಿಸುವ ಮೊದಲೇ ತಾನಾಗಿ ಕೂತ.

ಹಿರಿಯ ಕಣ್ಣೊರೆಸಿಕೊಂಡ. ಮಂಟಪದ ಕಂಬಗಳ ನೆರಳು ಅಷ್ಟರಲ್ಲಿ ಉದ್ದವಾಗಿತ್ತು. "ಹೊತ್ತು ಬಹಳ ಆಯಿತು. ಇನ್ನು ನಿಯಮದಂತೆ ನಡೆಯಲಿ" ಎಂದು ಕಂಚುಗಾರನ ಕಡೆ ನೋಡಿದ.

ಕಂಚುಗಾರನಿಗೆ ಮುಖಕ್ಕೆ ಹೊಡೆದಂತಾಯಿತು. ತಾನು ಸಡಿಲ ಬಿಟ್ಟದ್ದು ಎಲ್ಲರ ಕಣ್ಣಿಗೂ ಬಿದ್ದಿದೆ ಎಂದುಕೊಂಡ. ಇನ್ನು ಕೂದಲೆಳೆಯಷ್ಟೂ ತಪ್ಪಬಾರದು ಎಂದು ನಿಶ್ಚಯಿಸಿದ. ಬಟ್ಟಲನ್ನು ಒರೆಸಿ, ನೀರಿನ ಮೇಲಿಟ್ಟು, ಎರಡೂ ಕಣ್ಣನ್ನು ಅದರ ಮೇಲೆ ನೆಟ್ಟು ಕೂತ.

ಅಂಬಿಗ ಎದ್ದು ನಿಂತ. ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಅವನು ನಡೆದದ್ದನ್ನು ನಡೆದ ಹಾಗೆ ಮೊದಲಿನಿಂದ ಹೇಳಬಲ್ಲ ಮನುಷ್ಯ. ನಡುವಿನಿಂದ ಎತ್ತಿ ಹೇಳುವುದು ಅವನಿಗೆ ಬರುತ್ತಿರಲಿಲ್ಲ.

"ಅವತ್ತು ಬೆಳಗ್ಗೆ ನೀರು ಕೆಂಪಗಿತ್ತು" ಎಂದ. "ಮ್ಯಾಲೆ ಮಳೆ ಆಗೈತೆ ಅಂತ ಗೊತ್ತಾತು. ಹೊಳೆವ್ವ ಗಂಜಿ ಕಾಸಿದ್ಲು. ಉಂಡು ಕಡವಿಗೆ ಹೋದ್ವಿ. ಗಾಳಿ ಬಡಗಲಿಂದ ಇತ್ತು. ಬಡಗಲ ಗಾಳಿಗೆ ದೋಣಿ ಒಂದು ಮಗ್ಗುಲಿಗೆ ಎಳೀತದೆ. ಅದಕ್ಕೆ ಭಾರ ಇನ್ನೊಂದು ಕಡೆ ಇಡಬೇಕು."

ಯಾರೋ ಕೆಮ್ಮಿದರು. ಹಿಂದಿನಿಂದ ಒಬ್ಬ, "ಮುಖ್ಯ ಮಾತಿಗೆ ಬಾ" ಎಂದ. ಅಂಬಿಗ ನಿಂತು, ಎಲ್ಲಿದ್ದೆ ಎಂಬುದನ್ನು ನೆನಪು ಮಾಡಿಕೊಂಡು, ಮತ್ತೆ ಗಾಳಿಯಿಂದ ಶುರುಮಾಡಿದ. ಹಗ್ಗ ಬಿಚ್ಚಿದ್ದನ್ನು ಹೇಳಿದ. ಮೇಲಿನ ಕಡವಿಗೆ ಹೋದದ್ದನ್ನು ಹೇಳಿದ. ಬಟ್ಟಲಿನ ಅಂಚು ನೀರಿಗೆ ಸಮವಾಗುತ್ತ ಬಂತು.

"ಕಲ್ಲಿನ ಒಡೆಯರು ದೋಣಿಗೆ ತುಂಬಿಸ್ತಾನೇ ಇದ್ರು. ಹೊಳೆವ್ವ ಅಂದ್ಲು, ಅಪ್ಪಾ, ದೋಣಿ ಬಾಯಿ ನೀರಿಗೆ ಬಂತು ಅಂತ. ನಾನು ಒಡೆಯರಿಗೆ ಅಂದೆ. ಇಷ್ಟು ಬ್ಯಾಡ್ರಿ. ತಪ್ಪು ನಂದೂ ಐತೆ, ನಾನು ಆಗಲ್ಲ ಅಂತ ಗಳ ಕೆಳಗಿಡಬೇಕಿತ್ತು. ಅವರಂದ್ರು—"

ಕಂಚುಗಾರ ತಲೆ ಎತ್ತಿ ನೋಡಿದ. ಅಂಬಿಗನ ಹೆಬ್ಬೆರಳು ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಅವನು ಕಲ್ಲುಗಳನ್ನು ಎಣಿಸುತ್ತಿದ್ದ. ಈಗ ಹೇಳುತ್ತಾನೆ ಎಂದು ಕಂಚುಗಾರನಿಗೆ ತಿಳಿಯಿತು. ಅದೇ ಗಳಿಗೆಗೆ ಬಟ್ಟಲು ಮುಳುಗಿತು. ಹಿರಿಯನ ಕಣ್ಣು ತನ್ನ ಮೇಲಿರುವುದನ್ನೂ ಅವನು ಕಂಡ. ಕೋಲೆತ್ತಿ ಜಾಗಟೆ ಬಾರಿಸಿದ.

ಅಂಬಿಗನ ಬಾಯಿ ತೆರೆದದ್ದು ಹಾಗೇ ನಿಂತಿತು. ಅವನು ಹಿರಿಯನನ್ನು ನೋಡಲಿಲ್ಲ. ಜಾಗಟೆಯ ಕಡೆ ನೋಡಿದ.

"ಅಷ್ಟೇನಾ ಅಣ್ಣಾ?" ಎಂದು ಕೇಳಿದ.

ಕಂಚುಗಾರನ ಗಂಟಲಿಗೆ ಒಂದು ಮಾತು ಬಂತು. ಅವರಿಗೆ ಮೂರು ಬಟ್ಟಲು ಆಗಿದೆ, ಇವನಿಗೂ ಮೂರು ಆಗಲಿ. ಅಷ್ಟೇ ಮಾತು. ಎದ್ದು ನಿಲ್ಲಬೇಕಿತ್ತು. ಇಡೀ ಊರು ಅವನನ್ನು ನೋಡುತ್ತಿತ್ತು. ಮೊದಲ ಸೋಮವಾರ ನಾಲ್ಕನೆಯ ಮಾತು ಸಿಕ್ಕಿಕೊಂಡ ಜಾಗದಲ್ಲೇ ಇದೂ ಸಿಕ್ಕಿಕೊಂಡಿತು. ಅವನು ಹೌದೆಂದು ತಲೆಯಾಡಿಸಿದ. ಅಂಬಿಗ ಕೂತ.

ಪದ್ಧತಿಯಂತೆ ಒರೆಗಾರ ಎದ್ದ. ವ್ಯಾಪಾರಿಯ ಮಾತಿಗೆ ಆದಿ ಅಂತ್ಯ ಇತ್ತು, ಕೇಳುವವರ ಮನಸ್ಸು ಮುಟ್ಟಿತು ಎಂದ. ಅಂಬಿಗನ ಮಾತು ವಿಷಯಕ್ಕೆ ಬರಲಿಲ್ಲ, ತಪ್ಪು ತನ್ನದು ಎಂದು ಅವನೇ ಒಪ್ಪಿಕೊಂಡ ಎಂದ. ಬರಹಗಾರ ಬರೆದುಕೊಂಡ. ಕೈ ಎತ್ತಲು ಹಿರಿಯ ಹೇಳಿದ. ಅರವತ್ತರಲ್ಲಿ ಐವತ್ತೊಂದು ಕೈ ಅಂಬಿಗನ ವಿರುದ್ಧ ಎದ್ದವು. ಜಾಗಟೆಯವನು ಕೈ ಎತ್ತುವ ಪದ್ಧತಿ ಇರಲಿಲ್ಲ. ಅಂಬಿಗ ಇನ್ನು ಗಳ ಮುಟ್ಟಕೂಡದು, ಹೊತ್ತು ಮುಳುಗುವುದರೊಳಗೆ ಊರು ಬಿಡಬೇಕು ಎಂದು ತೀರ್ಮಾನವಾಯಿತು.

ಅವನಿಗೆ ಒಬ್ಬಳು ಮುದಿ ತಾಯಿ ಇದ್ದಳು. ಎರಡು ದಿನದಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅವಳಿಗೆ ಹೇಳಿ ಅವನು ಒಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ. ಹೊಳೆಯ ದಾರಿಯಲ್ಲಿ ಸತ್ತವರ ಮನೆಯ ಗಂಡಸರು ಕೆಲವರು ನಿಂತಿದ್ದರು. ಮಾರನೆಯ ದಿನ ಅವನ ಹೆಣ ಕೆಳಗಿನ ಜೊಂಡಿನಲ್ಲಿ ಸಿಕ್ಕಿತು. ಈಜು ಬಲ್ಲವನು ಮುಳುಗಿ ಸತ್ತಿದ್ದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿದ್ದರು. ಯಾರು ಎಂದು ಯಾರೂ ಕೇಳಲಿಲ್ಲ. ಕಂಚುಗಾರನೂ ಕೇಳಲಿಲ್ಲ. ಮುಂದಿನ ಸೋಮವಾರ ಅವನು ಎಂದಿನಂತೆ ಜಾಗಟೆ ಹೊತ್ತುಕೊಂಡು ಹೋದ.

ಮಳೆಗಾಲ ಕಳೆಯಿತು. ಬೀಸುಕಲ್ಲಿನ ವ್ಯಾಪಾರಿ ದೀಪಾವಳಿಯ ನಂತರ ಅಂಗಡಿ ಎತ್ತಿಕೊಂಡು ಬೇರೆ ನಾಡಿಗೆ ಹೋದ. ಹೊರಡುವಾಗ ಕೂಟದವರು ಅವನಿಗೆ ಶಾಲು ಹೊದಿಸಿ ಕಳಿಸಿದರು. ಮಾಗಿ ಕಳೆದು ಬಿಸಿಲು ಬಂತು. ಹೊಳೆ ಇಳಿದು ನಡುವೆ ಮರಳ ದಿಬ್ಬಗಳು ಎದ್ದವು. ಒಂದು ಬೆಳಿಗ್ಗೆ ಬಟ್ಟೆ ಒಗೆಯಲು ಹೋದ ಹೆಂಗಸರು ದೋಣಿಯನ್ನು ಕಂಡರು.

ಕಂಚುಗಾರ ಮೊಣಕಾಲುದ್ದ ನೀರಿನಲ್ಲಿ ನಡೆದುಕೊಂಡು ಹೋದ. ದೋಣಿಯ ತಳ ಬಿರಿದಿತ್ತು. ಅದರೊಳಗೆ ಕೆಸರಿನಲ್ಲಿ ಕಲ್ಲುಗಳು ಸಾಲಾಗಿ ಕೂತಿದ್ದವು. ಅವನು ಎಣಿಸಿದ. ಇನ್ನೊಮ್ಮೆ ಎಣಿಸಿದ. ಹತ್ತೊಂಬತ್ತು ಜೊತೆ. ನಾಲ್ಕು ಜೊತೆಗಾದರೆ ಆ ದೋಣಿ ಜಗ್ಗುತ್ತಲೂ ಇರಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತ. ಅಂದು ತಾನು ಕೋಲು ಎತ್ತದಿದ್ದರೆ ಅಂಬಿಗನ ಹೆಬ್ಬೆರಳು ಇನ್ನು ಎಷ್ಟು ಗೆಣ್ಣು ದಾಟಬೇಕಿತ್ತು ಎಂದು ಲೆಕ್ಕ ಹಾಕಿದ. ಒಂದು ಉಸಿರಿನಷ್ಟು ಹೊತ್ತು ಸಾಕಾಗುತ್ತಿತ್ತು.

ಆ ಸೋಮವಾರ ಕೂಟದಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು. ಹಿರಿಯ ಹೇಳಿದ, ಇಬ್ಬರಿಗೂ ಮಾತಿಗೆ ಅವಕಾಶ ಕೊಟ್ಟಿದ್ದೆ, ನನ್ನಿಂದ ಲೋಪವಾಗಿಲ್ಲ. ಬರಹಗಾರ ತನ್ನ ಕಡತ ಬಿಚ್ಚಿ ಓದಿದ. ಇಬ್ಬರೂ ನಿಯಮದ ಪ್ರಕಾರ ಮಾತನಾಡಿದರು, ಹೊತ್ತು ಪಾಲಿಸಲಾಯಿತು ಎಂದು ಅದರಲ್ಲಿತ್ತು. ಎಲ್ಲರಿಗೂ ಸ್ವಲ್ಪ ಸಮಾಧಾನವಾಯಿತು.

ಆಗ ಕಂಚುಗಾರ ಎದ್ದು ನಿಂತ. "ನಾನು ಮಾತಾಡಬೇಕು" ಎಂದ.

ಇಷ್ಟು ವರ್ಷಗಳ ಮೇಲೆ ಅವನ ದನಿಯನ್ನು ಅಲ್ಲಿ ಕೇಳಿದವರು ತಿರುಗಿ ನೋಡಿದರು. ಬಟ್ಟಲನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಅದು ನೀರಿನ ಪಕ್ಕ ಬೋರಲಾಗಿ ಬಿದ್ದಿತ್ತು. ಅವನು ತಡವರಿಸಿದ. ಮೂರು ಸಲ ನಿಂತ. ಆದರೆ ಕೂರಲಿಲ್ಲ. ವ್ಯಾಪಾರಿಗೆ ಮೂರು ಬಟ್ಟಲು ಬಿಟ್ಟೆ ಎಂದ. ಅಂಬಿಗನಿಗೆ ಒಂದೇ ಬಿಟ್ಟೆ ಎಂದ. ಅವನು ಕಲ್ಲಿನ ಲೆಕ್ಕಕ್ಕೆ ಬಂದದ್ದು ನನಗೆ ಕಾಣುತ್ತಿತ್ತು, ಕಂಡೂ ಹೊಡೆದೆ ಎಂದ. ಅಷ್ಟೇನಾ ಎಂದು ಕೇಳಿದ, ಹೌದು ಅಂದೆ ಎಂದ. ಕಡತದಲ್ಲಿ ಇದನ್ನು ಬರೆಯಿರಿ, ನಾಡಿನ ಅಧಿಕಾರಿಗೆ ಕಳಿಸಿರಿ ಎಂದು ಮುಗಿಸಿದ.

ಹಿರಿಯ, "ಸತ್ತವನು ಬರುವುದಿಲ್ಲ. ಇದು ಹೊರಗೆ ಹೋದರೆ ಕೂಟ ಉಳಿಯುವುದಿಲ್ಲ. ಊರಿನವರು ಮತ್ತೆ ಬಾಯಿಲ್ಲದವರಾಗುತ್ತಾರೆ. ಯೋಚನೆ ಮಾಡು" ಎಂದ. ಬರಹಗಾರ ಕಡತವನ್ನು ಕಟ್ಟಿ ತೊಡೆಯ ಮೇಲಿಟ್ಟುಕೊಂಡ.

ಒರೆಗಾರ ಎದ್ದ. ಯಾರಾದರೂ ಮಾತನಾಡಿ ಮುಗಿಸಿದರೆ ಎದ್ದು ನಿಲ್ಲುವುದು ಅವನಿಗೆ ಅಭ್ಯಾಸವಾಗಿ ಹೋಗಿತ್ತು. ಅವನು ಕೆಟ್ಟವನಲ್ಲ. ಆಗಲೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ.

"ಇವತ್ತು ಎದೆ ಬಿಚ್ಚಿ ಮಾತನಾಡಿದಿರಿ" ಎಂದ. "ಶುರುಮಾಡುವುದು ಮಾತ್ರ ಸ್ವಲ್ಪ ತಡವಾಯಿತು."

ಕಂಚುಗಾರ ಜಾಗಟೆಯನ್ನು ಅಲ್ಲೇ ಬಿಟ್ಟು ಮಂಟಪ ಇಳಿದ. ಸೀದಾ ಅಂಬಿಗನ ತಾಯಿಯ ಗುಡಿಸಲಿಗೆ ಹೋದ. ಮುದುಕಿ ಹೊರಗೆ ಕೂತಿದ್ದಳು. ಮಗ ಹೋದ ಮೇಲೆ ಅವಳ ಕಣ್ಣು ಪೂರಾ ಹೋಗಿತ್ತು. ಇಂಥವನು ಬಂದಿದ್ದೇನೆ ಎಂದು ಹೆಸರು ಹೇಳಿ ಅವಳ ಕಾಲ ಬಳಿ ಕೂತ. ಮಂಟಪದಲ್ಲಿ ಹೇಳಿದ್ದನ್ನೆಲ್ಲ ಅವಳಿಗೆ ಹೇಳಿದ. ಒಂದನ್ನೂ ಮುಚ್ಚಲಿಲ್ಲ. ಅವಳು ಬೈಯುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ.

"ಹೊಳೆವ್ವನ್ನ ಬಿಟ್ಟು ಹೆಂಗೆ ದಡಕ್ಕೆ ಬಂದ ಅಂತ ಹೇಳಿದ್ನಾ?" ಎಂದು ಕೇಳಿದಳು. "ನನಗೂ ಹೇಳಲಿಲ್ಲ. ಸಭೆಯಾಗ ಒಂದೇ ಸಲ ಹೇಳ್ತೀನವ್ವ, ಎರಡು ಸಲ ಹೇಳಾಕ ನನ್ನ ಕೈಲಿ ಆಗಲ್ಲ ಅಂದಿದ್ದ."

"ಅಲ್ಲಿಗೆ ಬರಲಿಲ್ಲವ್ವ" ಎಂದ ಕಂಚುಗಾರ. "ಅಷ್ಟರಲ್ಲಿ ನಾನು ಹೊಡೆದೆ."

ಇನ್ನು ಅದನ್ನು ಹೇಳುವವರು ಈ ಲೋಕದಲ್ಲಿ ಯಾರೂ ಇಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು. ಬಿಸಿಲು ಗುಡಿಸಲಿನ ಬಾಗಿಲಿಗೆ ಬಂತು. ಅವಳು ಕೈಯಿಂದ ತಡವಿ ನೆರಳಿಗೆ ಸರಿದು ಕೂತಳು.

"ಅವನ ಮಾತು ನಿಧಾನ" ಎಂದಳು. "ಸಣ್ಣವನಿದ್ದಾಗಿಂದ ಹಂಗೇ. ಕಾಯಬೇಕು."

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿ ಕೂತಿದ್ದ. ಎದ್ದು ಅವರ ಪಾದ ಮುಟ್ಟಿದ.

"ತಪ್ಪಾಯಿತು ಗುರುಗಳೇ. ಇದು ಎಂಥ ಕೆಲಸ ಎಂದು ಈಗ ತಿಳಿಯಿತು. ನಾಳೆ ಯಾರ ಮುಖವನ್ನೂ ನೋಡದೆ ಎಲ್ಲರಿಗೂ ಒಂದೇ ಸಮ ಹೊತ್ತು ಕೊಡುತ್ತೇನೆ. ಮೀರಿದವರು ಯಾರೇ ಆದರೂ ತಡೆಯುತ್ತೇನೆ."

"ನಾಳೆ ಮೊದಲು ಮಾತನಾಡುವವನು ನಾನು" ಎಂದರು ಗುರುಗಳು.

ಶಿಷ್ಯನ ಕೈ ಇನ್ನೂ ಅವರ ಪಾದದ ಮೇಲೇ ಇತ್ತು.